ಮುದ್ದಾಚಾರಿ ಧೂಳು ಹಿಡಿದದ್ದು

ಅದು ಒಂದು ಬುಧವಾರ. ಬೇರೆ ಬುಧವಾರಗಳ ಹಾಗೆಯೇ ಇತ್ತು. ಆಚಾರಿಗಳ ಬೀದಿಯ ಕೊನೆಮನೆಯ ಹಿತ್ತಲಿನ ಮಾಡಿನ ಕೆಳಗೆ ಮುದ್ದಾಚಾರಿ ಕಾಲಲ್ಲಿ ಲೇತು ತುಳಿಯುತ್ತ ಮರ ಕಡೆಯುತ್ತಿದ್ದ. ಪಕ್ಕದಲ್ಲಿ ಅವನ ತಾಯಿ ತಿಮ್ಮಾಜಮ್ಮ ಮಗ ಕಡೆದಿಟ್ಟ ಕಡಗೋಲುಗಳನ್ನು ಒಂದೊಂದಾಗಿ ಎತ್ತಿಕೊಂಡು ಉಪ್ಪುಕಾಗದ ಹಾಕಿ ತಿಕ್ಕುತ್ತಿದ್ದಳು. ಒಳಗೆ ಒಲೆಯ ಮೇಲೆ ಹುರುಳಿಸಾರು ಕುದಿಯುತ್ತಿತ್ತು. ಏಳನೆಯ ಕಡಗೋಲು ತಿಕ್ಕುವಾಗ ಅವಳಿಗೆ ಕೆಮ್ಮು ಬಂತು. ಕೆಮ್ಮು ಹೊಸದಲ್ಲ, ವರ್ಷಗಳಿಂದ ಇದ್ದದ್ದೇ. ಆದರೆ ಆ ದಿನ ಬಂದ ಕೆಮ್ಮು ಹೋಗಲಿಲ್ಲ. ಒಳಗೆ ಹೋದ ಉಸಿರು ಹೊರಗೆ ಬರಲಿಲ್ಲ.

"ಮುದ್ದಾ! ನೀರು!" ಎಂದಳು.

ಮುದ್ದ ಓಡಿಹೋಗಿ ನೀರು ತಂದ. ತಂದವನು ಚೊಂಬನ್ನು ಕೈಯಲ್ಲಿ ಹಿಡಿದುಕೊಂಡು ಅವ್ವನ ಎದುರಿಗೆ ನಿಂತ. ಅವ್ವ ನೀರು ಅಂದಿದ್ದಳು. ಕೊಡು ಅಂದಿರಲಿಲ್ಲ.

ಮುದ್ದನಿಗೆ ಆಗ ಮೂವತ್ತೆರಡು ವರ್ಷ. ಆರಡಿ ಆಳು. ಹೇಳಿದ್ದನ್ನು ಹೇಳಿದಂತೆ ಮಾಡುವ ಮಗ, ಹೇಳದಿದ್ದನ್ನು ಮಾಡದ ಮಗ. ಮರದ ಮುಂದೆ ಕೂತರೆ ಮಾತ್ರ ಬೇರೆಯೇ ಮನುಷ್ಯ. ಹತ್ತು ಲಟ್ಟಣಿಗೆ ಕಡೆದರೆ ಹತ್ತೂ ಒಂದೇ, ಯಾವುದು ಮೊದಲನೆಯದು ಯಾವುದು ಕೊನೆಯದು ಎಂದು ತಿಮ್ಮಾಜಮ್ಮನಿಗೂ ಗುರುತು ಸಿಗುತ್ತಿರಲಿಲ್ಲ. ಉಳಿದಂತೆ ಬೀದಿಯವರು ಅವನಿಗೆ ಇಟ್ಟ ಹೆಸರು ಪೆದ್ದ. ಅವನೂ ಕರೆದರೆ ಓ ಎನ್ನುತ್ತಿದ್ದ.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ತಿಮ್ಮಾಜಮ್ಮನ ಬೆನ್ನಿಗೆ ಕೊಳವೆ ಇಟ್ಟು ಬಹಳ ಹೊತ್ತು ಕೇಳಿದರು.

"ಇದು ಶೀತ ಅಲ್ಲಮ್ಮ. ಮರದ ಧೂಳು. ಎಷ್ಟೋ ವರ್ಷದಿಂದ ಎದೆಗೆ ಇಳಿದಿದೆ. ಇನ್ನು ಇಳೀಬಾರದು. ಇಳಿದರೆ ನನ್ನ ಕೈಲೂ ಆಗಲ್ಲ. ಒಂದೋ ಆ ಕೆಲಸ ಮನೆ ಬಿಟ್ಟು ಹೋಗಬೇಕು, ಇಲ್ಲ ಧೂಳು ಎಲ್ಲಿ ಹುಟ್ಟುತ್ತೋ ಅಲ್ಲೇ ಹಿಡೀಬೇಕು."

"ಹಿಡಿದು ಏನ್ ಮಾಡಬೇಕು ಡಾಕ್ಟ್ರಮ್ಮ?" ಎಂದ ಮುದ್ದ.

"ಮೊದಲು ಹಿಡಿಯಪ್ಪ ನೀನು!"

ದಾರಿಯಲ್ಲಿ ತಿಮ್ಮಾಜಮ್ಮ ಅದನ್ನೇ ಯೋಚಿಸಿದಳು. ಕೆಲಸ ಮನೆ ಬಿಡಬೇಕು ಅಂದರೆ ಮುದ್ದ ಬೇರೆಯವರ ಅಂಗಡಿಗೆ ಹೋಗಬೇಕು. ಹೋಗಿದ್ದ, ಹೋಗಿರಲಿಲ್ಲ ಅಂತಲ್ಲ. ಕುರ್ಚಿ ಮಾಡುವ ಅಂಗಡಿಯಲ್ಲಿ ಯಜಮಾನ, "ಗಿರಾಕಿ ಬಂದರೆ ಮೊದಲು ಕೂರಿಸು" ಎಂದಿದ್ದ. ಮುದ್ದ ಕೂರಿಸಿದ್ದ, ಆಗತಾನೆ ವಾರ್ನಿಷ್ ಬಳಿದ ಕುರ್ಚಿಯ ಮೇಲೆ. ಗಿರಾಕಿ ಏಳಲು ನೋಡಿದಾಗ ಪಂಚೆ ಏಳಲಿಲ್ಲ. ಮರ ಕೊಯ್ಯುವ ಮಿಲ್ಲಿನಲ್ಲಿ ಎರಡು ದಿನ. ಇನ್ನೊಂದು ಕಡೆ ಅರ್ಧ ದಿನ. ಎಲ್ಲರೂ ಕೈಮುಗಿದು ವಾಪಸು ಕಳಿಸಿದ್ದರು. ಲೇತು ಇರುವುದು ಮನೆಯಲ್ಲಿ, ಮುದ್ದ ಇರುವುದು ಲೇತಿನ ಹತ್ತಿರ. ಅದು ಹೋದರೆ ಇವನು ಯಾರು? ತಾನು ಹೋದರೆ ಇವನಿಗೆ ಯಾರು? ಈ ಎರಡು ಪ್ರಶ್ನೆಗಳ ನಡುವೆ ಅವಳು ಮನೆಯವರೆಗೆ ನಡೆದಳು.

ಬಾಗಿಲಲ್ಲಿ ಪಕ್ಕದ ಮನೆಯ ಈರಮ್ಮ ಕಾದಿದ್ದಳು. ಎರಡು ಮನೆಗೂ ಇರುವುದು ಒಂದೇ ನಡುಗೋಡೆ. ಅವಳ ಮಗಳು ಕೋಮಲ ಹೆರಿಗೆಗೆಂದು ತವರಿಗೆ ಬಂದಿದ್ದಳು.

"ತಿಮ್ಮಾಜಕ್ಕ, ನಮ್ಮ ಕೋಮಲನ್ನೂ ಕೂಸನ್ನೂ ಇವತ್ತು ಆಸ್ಪತ್ರೆಯಿಂದ ಕರಕೊಂಡು ಬಂದೆವು. ತಿಂಗಳು ತುಂಬೋಕೆ ಮುಂಚೆ ಹುಟ್ಟಿದ ಕೂಸು. ಒಂದು ತಟ್ಟೆ ಬಿದ್ದರೂ ಬೆಚ್ಚಿಬೀಳ್ತದೆ, ಕುಡಿಯೋ ಹಾಲು ಬಿಟ್ಟುಬಿಡ್ತದೆ. ಒಂಚೂರು ಸದ್ದು ನೋಡ್ಕೊಳ್ಳಿ."

"ಆಗಲಿ ಈರಮ್ಮ. ನಮ್ಮ ಲೇತಿಗೆ ಸದ್ದೆಲ್ಲಿದೆ?" ಎಂದಳು ತಿಮ್ಮಾಜಮ್ಮ.

ಹೀಗೆ ಒಂದೇ ಬುಧವಾರ ಎರಡು ಮಾತು ಬಂದು ಮನೆಯಲ್ಲಿ ಕೂತವು. ಧೂಳು ಏಳಬಾರದು. ಸದ್ದು ಆಗಬಾರದು.

ಮಾರನೆಯ ದಿನ ತಿಮ್ಮಾಜಮ್ಮ ಹೇಳಿದಳು, "ಲೋ ಮುದ್ದಾ, ಇರೋ ಧೂಳನ್ನೆಲ್ಲ ಮೊದಲು ಗುಡಿಸಿಬಿಡು ಮಗ."

ಇರುವ ಧೂಳು ಎಲ್ಲೆಲ್ಲಿ ಇರುತ್ತದೆ? ನೆಲದ ಮೇಲೆ ಇರುತ್ತದೆ, ಗೋಡೆಯ ಮೇಲೆ ಇರುತ್ತದೆ, ತೊಲೆಯ ಮೇಲೆ ಇರುತ್ತದೆ, ಹೆಂಚಿನ ಸಂದಿಯಲ್ಲಿ ಇರುತ್ತದೆ. ಎಲ್ಲ ಅಂದಿದ್ದಾಳಲ್ಲ ಅವ್ವ! ಮುದ್ದ ಏಣಿ ಹಾಕಿದ. ಉದ್ದನೆಯ ತೆಂಗಿನ ಪೊರಕೆ ತೆಗೆದುಕೊಂಡ. ಅವನ ಅಜ್ಜನ ಕಾಲದಿಂದ ತೊಲೆಯ ಮೇಲೆ ಕೂತಿದ್ದ ಧೂಳನ್ನು ಒಂದೇ ಸಲ ಬಡಿದು ಇಳಿಸಿದ. ಮಾಡು ಕಾಣಲಿಲ್ಲ, ಏಣಿ ಕಾಣಲಿಲ್ಲ, ಮುದ್ದನೂ ಕಾಣಲಿಲ್ಲ. ಒಳಗಿದ್ದ ತಿಮ್ಮಾಜಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಬೀದಿಗೆ ಓಡಿದಳು. ಉಸಿರು ತಹಬಂದಿಗೆ ಬರಲು ಮಧ್ಯಾಹ್ನವಾಯಿತು.

"ಒಣಧೂಳನ್ನ ಹಂಗೆ ಬಡೀತಾರೇನೋ! ಧೂಳು ಕಂಡರೆ ಮೊದಲು ನೀರು ಹಾಕಬೇಕು! ನೀರು ಹಾಕಿ ಆಮೇಲೆ ಮುಟ್ಟಬೇಕು!"

"ಆಯ್ತವ್ವ. ಮುಂದಿನ ಸಲ ಹಂಗೇ ಮಾಡ್ತೀನಿ."

ಹಿಟ್ಟಿನ ಗಿರಣಿಯ ಬೋರಲಿಂಗಯ್ಯನಿಗೆ ಈ ಸುದ್ದಿ ಮುಟ್ಟಿತು. ಅವನು ತಿಮ್ಮಾಜಮ್ಮನ ತೀರಿಹೋದ ಗಂಡ ಪಾಪಾಚಾರಿಯ ಸ್ನೇಹಿತ. ರಾಗಿ ಬೀಸಿಸಲು ಬಂದವಳನ್ನು ತಡೆದು ನಿಲ್ಲಿಸಿ ಹೇಳಿದ.

"ಅಲ್ಲ ತಂಗಿ, ನಮ್ಮ ಗಿರಣೀಲಿ ಹಿಟ್ಟಿನ ಧೂಳು ಏನ್ ಕಮ್ಮಿ ಏಳ್ತದಾ? ಫ್ಯಾನು ಎಳೀತದೆ, ಬಟ್ಟೆ ಚೀಲ ತಡೀತದೆ, ಅಷ್ಟೇ ಕೆಲಸ. ಹಳೇ ಫ್ಯಾನೊಂದು ಮೋಟಾರು ಸಮೇತ ಮೂಲೇಲಿ ಬಿದ್ದದೆ. ಮುದ್ದನ್ನ ಕಳಿಸು, ಹೊತ್ಕೊಂಡು ಹೋಗಲಿ."

ಮುದ್ದ ಹೋದ. ಫ್ಯಾನನ್ನು ಹೆಗಲ ಮೇಲೆ ಹೊತ್ತ. ಬರುವ ದಾರಿಯಲ್ಲಿ ನಲ್ಲಿಯ ಹತ್ತಿರ ಇಳಿಸಿ ಸುಧಾರಿಸಿಕೊಳ್ಳುವಾಗ ನೋಡುತ್ತಾನೆ, ಮೋಟಾರಿನ ಮೈಮೇಲೆಲ್ಲ ಧೂಳು! ಬೆರಳಲ್ಲಿ ಗೆರೆ ಎಳೆಯುವಷ್ಟು ಧೂಳು! ಸದ್ಯ, ಕಣ್ಣಿಗೆ ಬಿತ್ತಲ್ಲ ಎಂದುಕೊಂಡ. ಕೊಡ ತುಂಬಿಸಿದ, ಸುರಿದ. ಸಂದಿಯೊಳಗೂ ಧೂಳಿತ್ತು. ಇನ್ನೊಂದು ಕೊಡ ತುಂಬಿಸಿದ, ಸಂದಿಯೊಳಕ್ಕೆ ಸುರಿದ. ತಣ್ಣಗೆ ನೀರು ತೊಟ್ಟಿಕ್ಕುವ ಮೋಟಾರನ್ನು ಮನೆಗೆ ತಂದು, ವೈರು ಸಿಕ್ಕಿಸಿ, ಗುಂಡಿ ಒತ್ತಿದ.

ಫಟ್!

ಮೋಟಾರು ಒಂದು ಸಲ ನೀಲಿಯಾಗಿ ಹೊಳೆದು ಸುಮ್ಮನಾಯಿತು. ಮನೆಯ ಫ್ಯೂಸು ಹೋಯಿತು. ಮುದ್ದನ ಮುಂಗೈ ಕೂದಲು ಸುಟ್ಟ ವಾಸನೆ ಬಂತು. ತಿಮ್ಮಾಜಮ್ಮ ಓಡಿಬಂದು ಮಗನ ಕೈ, ಮುಖ, ಎದೆ ಎಲ್ಲ ಮುಟ್ಟಿ ನೋಡಿದಳು. ಏನೂ ಆಗಿಲ್ಲ ಎಂದು ಗೊತ್ತಾದ ಮೇಲೆ ಬೈಯಲು ಶುರುಮಾಡಿದಳು.

"ಮೋಟಾರಿಗೆ ಸ್ನಾನ ಮಾಡಿಸ್ತಾರೇನೋ! ನೀನು ಸತ್ತಿದ್ದರೆ? ಅಂಥ ಸಾಮಾನನ್ನ ಒಣಬಟ್ಟೇಲಿ ಸುತ್ತಿ ಬೆಚ್ಚಗೆ ಇಡಬೇಕು, ಗೊತ್ತಾಯ್ತಾ? ಸುತ್ತಿ ಇಡಬೇಕು!"

"ಆಯ್ತವ್ವ. ಮುಂದಿನ ಸಲ ಹಂಗೇ ಮಾಡ್ತೀನಿ."

ಮೋಟಾರು ರಿಪೇರಿಯ ಅಬ್ಬಾಸ್ ಸಾಬರು ತಂತಿ ಬಿಚ್ಚಿ ಹೊಸದಾಗಿ ಸುತ್ತಿಕೊಟ್ಟರು. ಈ ಸಲ ಫ್ಯಾನು ತಿರುಗಿತು. ಲೇತಿನ ಪಕ್ಕದಲ್ಲಿ ಅದರ ಬಾಯಿ ಇಟ್ಟರೆ ಎದ್ದ ಧೂಳು ಎದ್ದ ಹಾಗೇ ಒಳಗೆ ಓಡುತ್ತಿತ್ತು. ತಿಮ್ಮಾಜಮ್ಮ ಅದನ್ನು ಕಣ್ಣಿನಿಂದ ನೋಡಿದಳು. ಆದರೆ ಸದ್ದು! ಮಾಡಿನ ಹೆಂಚು ನಡುಗಿತು. ಗೂಡಿನಲ್ಲಿಟ್ಟ ಉಳಿಗಳು ಒಂದಕ್ಕೊಂದು ತಾಗಿ ಕಿಣಿಕಿಣಿ ಎಂದವು. ಗೋಡೆಯ ಆಚೆಯಿಂದ ಕೂಸಿನ ಅಳು, ಅದರ ಹಿಂದೆಯೇ ಈರಮ್ಮನ ಗಂಟಲು.

"ಏನ್ ತಿಮ್ಮಾಜಕ್ಕ! ಮನೇಲಿ ಬಸ್ಸು ನಿಲ್ಲಿಸ್ಕೊಂಡಿದ್ದೀರಾ!"

"ಲೋ ಮುದ್ದಾ, ಆರಿಸೋ! ಆ ಸದ್ದಿಗೆ ಏನಾದರೂ ಮಾಡೋ!"

ಏನು ಮಾಡಬೇಕೆಂದು ಮುದ್ದನಿಗೆ ಗೊತ್ತಿತ್ತು. ಅವ್ವ ಮೊನ್ನೆಯೇ ಹೇಳಿದ್ದಳಲ್ಲ. ಒಳಗಿಂದ ಎರಡು ಕಂಬಳಿ ತಂದ. ಮೋಟಾರನ್ನು ಬಾಣಂತಿಯ ಹಾಗೆ ಸುತ್ತಿದ, ಮೇಲೆ ಹಗ್ಗ ಬಿಗಿದ, ಮತ್ತೆ ಗುಂಡಿ ಒತ್ತಿದ. ಸದ್ದು ಅರ್ಧಕ್ಕೆ ಇಳಿಯಿತು. ಕೂಸು ಸುಮ್ಮನಾಯಿತು. ತಿಮ್ಮಾಜಮ್ಮನಿಗೆ ಆಶ್ಚರ್ಯ. ಪರವಾಗಿಲ್ಲವೇ ಇವನು, ಎಂದು ಅವಳು ಒಳಗೆ ಹೋಗಿ ಅಕ್ಕಿ ಆರಿಸಲು ಕೂತಳು. ಅರ್ಧ ಸೇರು ಆರಿಸುವಷ್ಟರಲ್ಲಿ ಉಣ್ಣೆ ಸುಡುವ ಕಮಟು ವಾಸನೆ ಬಂತು. ಹೊರಗೆ ಬಂದರೆ ಕಂಬಳಿಯಿಂದ ಹೊಗೆ ಏಳುತ್ತಿತ್ತು. ಮುದ್ದ ಲೇತು ತುಳಿಯುತ್ತಲೇ ಇದ್ದ.

"ಅಯ್ಯೋ ಆರಿಸೋ! ಆರಿಸೋ! ಬಿಸಿಯಾಗೋದಕ್ಕೆ ಕಂಬಳಿ ಹೊದಿಸ್ತಾರೇನೋ! ಅದಕ್ಕೂ ಉಸಿರಾಡೋದು ಬೇಡವಾ? ಬಿಸಿ ಇರೋದನ್ನ ಮೇಲಿನದೆಲ್ಲ ತೆಗೆದು ಹೊರಗೆ ಗಾಳೀಲಿ ಇಡಬೇಕು!"

"ಆಯ್ತವ್ವ. ಮುಂದಿನ ಸಲ ಹಂಗೇ ಮಾಡ್ತೀನಿ."

ಅದಕ್ಕೂ ಉಸಿರಾಡೋದು ಬೇಡವಾ ಎಂದು ಅಂದಮೇಲೆ ತಿಮ್ಮಾಜಮ್ಮ ಜಗಲಿಗೆ ಹೋಗಿ ತನ್ನ ಎದೆಯನ್ನು ನೀವಿಕೊಂಡಳು.

ಮಾರನೆಯ ಬೆಳಿಗ್ಗೆ ಈರಮ್ಮ ಮುದ್ದನನ್ನು ಕರೆದಳು. ಅವಳ ಗಂಡ ಊರಲ್ಲಿರಲಿಲ್ಲ.

"ಮುದ್ದಾ, ಬಾಣಂತಿ ನೀರಿಗೆ ಹಂಡೆ ಕಾಯಿಸಿದ್ದೀನಿ. ನನ್ನ ಕೈಲಿ ಎತ್ತೋಕಾಗಲ್ಲ. ಒಲೆಯಿಂದ ಇಳಿಸಿ ಕೊಡಪ್ಪ, ಒಳಗೆ ಕೋಮಲಂಗೆ ಎಣ್ಣೆ ಹಚ್ಚಿ ಬರ್ತೀನಿ."

ಮುದ್ದ ಹಂಡೆ ಇಳಿಸಿದ. ಕೈಗೆ ಸುರ್ರೆಂದಿತು. ಬಿಸಿ ಇದೆ! ಬಿಸಿ ಇರೋದನ್ನು ಏನು ಮಾಡಬೇಕು? ಮುಚ್ಚಳ ತೆಗೆದ. ಹಂಡೆಯನ್ನು ಹೊರಗೆ ಅಂಗಳದಲ್ಲಿ ಗಾಳಿ ಬೀಸುವ ಕಡೆ ಇಟ್ಟ. ಸಾಲದೆಂದು ಮೊರ ತಂದು ಬೀಸಿದ. ಕೋಮಲ ಮೈತುಂಬ ಎಣ್ಣೆ ಹಚ್ಚಿಕೊಂಡು ಬಚ್ಚಲಿಗೆ ಬಂದು ಕೂತಾಗ ನೀರು ಹೊಳೆಯ ನೀರಿನಂತೆ ತಣ್ಣಗಿತ್ತು.

"ನಿನ್ನ ಮನೆ ಹಾಳಾಗ! ಬಾಣಂತಿ ನೀರನ್ನ ಬೀಸಿ ಆರಿಸ್ತಾರೇನೋ!" ಈರಮ್ಮ ಮೊರ ಕಿತ್ತುಕೊಂಡಳು. "ಬಾಣಂತಿ ಕೂಸು ಇರೋ ಕಡೆ ಎಲ್ಲಾನೂ ಮುಚ್ಚಬೇಕು! ಒಂದು ಸಂದಿ ಇರಬಾರದು, ಒಂದು ಸೂಜಿಯಷ್ಟು ಗಾಳಿ ಆಡಬಾರದು!"

"ಆಯ್ತತ್ತೆ. ಮುಂದಿನ ಸಲ ಹಂಗೇ ಮಾಡ್ತೀನಿ."

ಸದ್ದಿನ ಮಾತು ಹಾಗಿರಲಿ, ಚೀಲವೇ ಇನ್ನೂ ಆಗಿರಲಿಲ್ಲ. ಫ್ಯಾನು ಎಳೆದ ಧೂಳು ಬೀಳಲು ಒಂದು ಚೀಲ ಬೇಕು. "ಯಾವುದಾದರೂ ಚೀಲ ನೋಡಿ ಫ್ಯಾನಿನ ಹಿಂದಕ್ಕೆ ಕಟ್ಟೋ" ಎಂದು ತಿಮ್ಮಾಜಮ್ಮ ಒಲೆಯ ಮುಂದಿಂದಲೇ ಹೇಳಿದಳು. ಮುದ್ದ ಗೊಬ್ಬರದ ದಪ್ಪ ಪ್ಲಾಸ್ಟಿಕ್ ಚೀಲ ತಂದ. ಕೂಸು ಇರುವ ಕಡೆ, ನಡುಗೋಡೆಯ ಹತ್ತಿರ! ಒಂದು ಸಂದಿ ಇರಬಾರದಲ್ಲ? ಚೀಲದ ಹೊಲಿಗೆಗೆ ಅರಗು ಕಾಯಿಸಿ ಬಳಿದ. ಬಾಯಿಗೆ ಸೈಕಲ್ ಟ್ಯೂಬು ಸುತ್ತಿ ಬಿಗಿದ. ಸೂಜಿಯಷ್ಟು ಗಾಳಿಗೂ ದಾರಿ ಬಿಡಲಿಲ್ಲ. ಕೆಲಸ ಎಂದಿನಂತೆ ಅಚ್ಚುಕಟ್ಟು.

ಫ್ಯಾನು ತಿರುಗಿತು. ಚೀಲ ಉಬ್ಬಿತು. ಲೇತಿನಿಂದ ಧೂಳು ಹೋಯಿತು. ಚೀಲ ಇನ್ನೂ ಉಬ್ಬಿತು. ತಿಮ್ಮಾಜಮ್ಮ ಕಾಫಿ ಲೋಟ ಹಿಡಿದು ಹಿತ್ತಲ ಬಾಗಿಲಿಗೆ ಬಂದಳು.

ಢಂ!

ಆಮೇಲೆ ಏನಾಯಿತೆಂದು ಅವಳಿಗೆ ತಿಳಿದದ್ದು ಆಸ್ಪತ್ರೆಯ ಮಂಚದ ಮೇಲೆ. ಮೂಗಿಗೆ ಹೊಗೆಯಂಥ ಔಷಧಿಯ ಮುಖವಾಡ ಹಾಕಿದ್ದರು. ಎರಡು ದಿನ ಅಲ್ಲೇ ಇದ್ದಳು. ಡಾಕ್ಟರಮ್ಮ ಈ ಸಲ ಜಾಸ್ತಿ ಮಾತಾಡಲಿಲ್ಲ. "ಇನ್ನೊಂದು ಸಲ ಹೀಗೆ ಬಂದರೆ ನಾನು ಏನೂ ಹೇಳೋಕಾಗಲ್ಲ" ಎಂದರು, ಅಷ್ಟೇ.

ಮನೆಗೆ ಬಂದ ಮೇಲೆ ಈರಮ್ಮ ಗಂಜಿ ತಂದುಕೊಟ್ಟು ಪಕ್ಕದಲ್ಲಿ ಕೂತಳು. ಅವಳಿಗೂ ಕೋಪ ಇಳಿದಿತ್ತು.

"ಅಕ್ಕ, ಬೇಜಾರು ಮಾಡ್ಕೋಬೇಡಿ. ಆ ಲೇತು ಯಾರಿಗಾದರೂ ಕೊಟ್ಟುಬಿಡಿ. ನಿಮ್ಮ ಜೀವಕ್ಕಿಂತ ಹೆಚ್ಚಾ ಅದು?"

"ಕೊಡಬೇಕು ಈರಮ್ಮ. ನಾಳೆ ಬೋರಲಿಂಗಯ್ಯಂಗೆ ಹೇಳಿ ಕಳಿಸ್ತೀನಿ."

ಈರಮ್ಮ ಹೋದಳು. ತಿಮ್ಮಾಜಮ್ಮ ಗೋಡೆಗೆ ಒರಗಿ ಹಿತ್ತಲ ಕಡೆ ನೋಡಿದಳು. ಮುದ್ದ ಲೇತಿನ ಮುಂದೆ ಕೂತಿದ್ದ. ತುಳಿಯುತ್ತಿರಲಿಲ್ಲ. ಲೇತಿನಲ್ಲಿ ಮರ ಇರಲಿಲ್ಲ. ಕೈಯಲ್ಲಿ ಉಳಿ ಇರಲಿಲ್ಲ. ಆದರೆ ಎರಡು ಕೈಯೂ ಗಾಳಿಯಲ್ಲಿ ಆಡುತ್ತಿದ್ದವು. ಎಡಗೈ ಹಿಡಿಯುತ್ತಿತ್ತು, ಬಲಗೈ ಜಾರುತ್ತಿತ್ತು, ಕಡಗೋಲಿನ ಕುತ್ತಿಗೆಯ ಹತ್ತಿರ ಎರಡೂ ಮೆಲ್ಲಗೆ ಬಾಗುತ್ತಿದ್ದವು. ಒಂದು ತಪ್ಪಿರಲಿಲ್ಲ.

ಆ ಕೈಗಳು ಅವಳಿಗೆ ಗೊತ್ತಿದ್ದವು. ಅವು ಪಾಪಾಚಾರಿಯ ಕೈಗಳು. ಅವನು ಮಗನಿಗೆ ಈ ಕೆಲಸ ಕಲಿಸಿದಾಗ ಒಂದು ಮಾತೂ ಆಡಿರಲಿಲ್ಲ. ಮಗನ ಹಿಂದೆ ನಿಂತು, ಮಗನ ಕೈಗಳ ಮೇಲೆ ತನ್ನ ಕೈಗಳನ್ನಿಟ್ಟು, ಒಂದು ವರ್ಷ ಹಾಗೇ ಕಡೆದಿದ್ದ. ಬಾಯಿಬಿಟ್ಟು ಹೇಳಿಕೊಡಬಾರದಾ ಎಂದು ಅವಳು ರೇಗಿದ್ದಳು. "ಮಾತು ಅವನಿಗೆ ಮಾರನೆಯ ದಿನ ತಲುಪ್ತದೆ ಕಣೇ" ಎಂದಿದ್ದ ಅವನು. ಆಗ ಅವಳು ಅದನ್ನು ತಮಾಷೆ ಎಂದುಕೊಂಡಿದ್ದಳು.

ಈಗ ಕೂತು ಲೆಕ್ಕ ಹಾಕಿದಳು. ಧೂಳಿಗೆ ನೀರು ಹಾಕು ಅಂದದ್ದು ಸರಿಯೇ. ಮೋಟಾರನ್ನು ಒಣಗಿಡು ಅಂದದ್ದೂ ಸರಿಯೇ. ಬಿಸಿಯಾಗುವುದಕ್ಕೆ ಗಾಳಿ ಬೇಕು, ಅದೂ ಸರಿ. ಬಾಣಂತಿಗೆ ಗಾಳಿ ತಾಗಬಾರದು ಅಂತ ಈರಮ್ಮ ಹೇಳಿದ್ದು ಬಾಣಂತಿಗೆ ಸರಿ. ಮುದ್ದ ಎಲ್ಲವನ್ನೂ ಕೇಳಿದ್ದ, ಎಲ್ಲವನ್ನೂ ಮಾಡಿದ್ದ. ಹೇಳಿದವರು ಒಬ್ಬರೂ ತಪ್ಪು ಹೇಳಿರಲಿಲ್ಲ. ಎಲ್ಲರೂ ಕೆಲಸ ಕೆಟ್ಟ ಮೇಲೆ ಹೇಳಿದ್ದರು, ಮುಂದಿನದು ಬರುವ ಮೊದಲು ಹೇಳಿದವರು ಇರಲಿಲ್ಲ. ಬೈಯುವುದು ಬಿಟ್ಟು ಅವನ ಹತ್ತಿರ ಬಂದು ನಿಂತವರೂ ಇರಲಿಲ್ಲ, ತಾನೂ ಸೇರಿ.

ಬೋರಲಿಂಗಯ್ಯನಿಗೆ ಅವಳು ಹೇಳಿ ಕಳಿಸಲಿಲ್ಲ.

ಬೆಳಿಗ್ಗೆ ಒದ್ದೆ ಬಟ್ಟೆಯನ್ನು ಮೂಗಿಗೂ ಬಾಯಿಗೂ ಕಟ್ಟಿಕೊಂಡು ಹಿತ್ತಲಿಗೆ ಹೋದಳು. ಹಾಸಿಗೆ ಹೊಲಿಯುವ ಬಟ್ಟೆ, ಆ ದಟ್ಟ ನೇಯ್ಗೆಯ ಪಟ್ಟೆಪಟ್ಟೆ ಬಟ್ಟೆ, ಅದನ್ನು ನೆಲದ ಮೇಲೆ ಹಾಸಿದಳು. ಮುದ್ದನನ್ನು ಕೂರಿಸಿದಳು. ತಾನು ಅವನ ಹಿಂದೆ ಮಂಡಿಯೂರಿ ಕೂತು ಅವನ ದೊಡ್ಡ ಕೈಗಳ ಮೇಲೆ ತನ್ನ ಕೈಗಳನ್ನಿಟ್ಟಳು. ಕತ್ತರಿ ಹಿಡಿದರು. ಅಂಚನ್ನು ಒಂದು ಸಲ ಮಡಿಸಿದರು, ಇನ್ನೊಂದು ಸಲ ಮಡಿಸಿದರು. ಎರಡು ಪದರಕ್ಕೂ ಸೇರಿಸಿ ಸಣ್ಣ ಸಣ್ಣ ಹೊಲಿಗೆ ಹಾಕಿದರು. ಅವಳು ಬಾಯಿಂದ ಒಂದು ಮಾತೂ ಹೇಳಲಿಲ್ಲ. ಮಾತಾಡಿದರೆ ಕೆಮ್ಮೂ ಬರುತ್ತಿತ್ತು.

ಚೀಲ ಆಯಿತು. ಮುದ್ದನ ಅಂಗೈಯನ್ನು ಚೀಲದ ಹೊರಮೈಗೆ ಒತ್ತಿ ಹಿಡಿದು ಫ್ಯಾನು ಹಾಕಿದಳು. ಬಟ್ಟೆಯ ಮೂಲಕ ಗಾಳಿ ಅವನ ಅಂಗೈಗೆ ತಾಗಿತು. ಕೈ ತೆಗೆದು ಇಬ್ಬರೂ ನೋಡಿದರು. ಅಂಗೈಯಲ್ಲಿ ಧೂಳಿರಲಿಲ್ಲ.

"ಗಾಳಿ ಹೋಯ್ತು, ಧೂಳು ಹೋಗಲಿಲ್ಲ!" ಎಂದ ಮುದ್ದ. ಅವನಾಗಿ ಹೇಳಿದ ಮಾತು.

ಇನ್ನು ಸದ್ದು. ಅಬ್ಬಾಸ್ ಸಾಬರು ಬಂದು ನೋಡಿ ತಲೆಯಾಡಿಸಿದರು. "ಇದು ಓಡೋದೇ ಜಾಸ್ತಿ ಆಯ್ತಮ್ಮ. ದೊಡ್ಡ ಚಕ್ರ ಹಾಕ್ತೀನಿ, ನಿಧಾನ ತಿರುಗಲಿ. ಕೊಳವೆ ಮಾತ್ರ ಅಗಲ ಇರಲಿ. ಅಗಲ ಕೊಳವೇಲಿ ಗಾಳಿ ಕಿರುಚಲ್ಲ." ಫ್ಯಾನನ್ನು ನಡುಗೋಡೆಯಿಂದ ದೂರ, ಹಿತ್ತಲಿನ ಆ ತುದಿಗೆ ಸಾಗಿಸಿದರು. ಅದರ ನಾಲ್ಕು ಕಾಲಿನ ಕೆಳಗೆ ಹಳೆಯ ಹವಾಯಿ ಚಪ್ಪಲಿಯ ತುಂಡುಗಳನ್ನಿಟ್ಟರು. ಸುತ್ತಲೂ ಮರದ ಪೆಟ್ಟಿಗೆ ಮಾಡಿ ಒಳಗೆ ತೆಂಗಿನ ನಾರು ಹೊಡೆದರು. ಮೋಟಾರಿಗೆ ಉಸಿರಿರಲಿ ಎಂದು ಗಾಳಿಗೆ ದಾರಿ ಬಿಟ್ಟರು, ಆದರೆ ನೆಟ್ಟಗಿನ ದಾರಿಯಲ್ಲ. ಗಾಳಿ ಹೊರಗೆ ಬರಬೇಕಾದರೆ ಮೂರು ಕಡೆ ತಿರುಗಬೇಕು. ಗಾಳಿ ತಿರುಗಿಕೊಂಡು ಬಂತು, ಸದ್ದು ಮೂಲೆಯಲ್ಲೇ ನಿಂತುಬಿಟ್ಟಿತು. ಪೆಟ್ಟಿಗೆಯ ಮೂಲೆಗಳನ್ನು ಮುದ್ದ ಮೊಳೆಯಿಲ್ಲದೆ ಕೂಡಿಸಿದ್ದ. ಹನ್ನೊಂದು ದಿನ ಹಿಡಿಯಿತು. ಹನ್ನೊಂದು ದಿನವೂ ತಿಮ್ಮಾಜಮ್ಮನ ಕೈ ಅವನ ಕೈಮೇಲೆ ಇತ್ತು. ಕೊನೆಯ ಎರಡು ದಿನ ಸುಮ್ಮನೆ ಇತ್ತು.

ಹನ್ನೆರಡನೆಯ ದಿನ ಈರಮ್ಮ ಕೂಸನ್ನೆತ್ತಿಕೊಂಡು ಗೋಡೆಯ ಪಕ್ಕದಿಂದ ಇಣುಕಿದಳು.

"ಯಾಕಕ್ಕ, ಕೆಲಸ ನಿಲ್ಲಿಸೇಬಿಟ್ಟಿರಾ? ಸದ್ದೇ ಇಲ್ಲ!"

"ಈಗ ಓಡ್ತಾ ಅದೆ ಈರಮ್ಮ."

"ಸುಳ್ಳು ಹೇಳ್ಬೇಡಿ!"

ಈರಮ್ಮ ಒಳಗೆ ಬಂದಳು. ಮುದ್ದ ಲೇತು ತುಳಿಯುತ್ತಿದ್ದ. ಉಳಿಯ ಬಾಯಿಂದ ಎದ್ದ ಧೂಳು ಅಂಗೈ ಅಗಲದ ಕೊಳವೆಯೊಳಗೆ ಗೆರೆ ಎಳೆದಂತೆ ಹೋಗುತ್ತಿತ್ತು. ದೂರದ ಮನೆಯಲ್ಲಿ ಯಾರೋ ರಾಗಿ ಬೀಸುತ್ತಿರುವಂತೆ ಒಂದು ಸಣ್ಣ ಗುಂಯ್ ಅಷ್ಟೇ. ಈರಮ್ಮ ಪೆಟ್ಟಿಗೆಯ ಮೇಲೆ ಕಿವಿಯಿಟ್ಟಳು. ಕೂಸನ್ನು ಇನ್ನೊಂದು ಹೆಗಲಿಗೆ ಹಾಕಿಕೊಂಡು ಮತ್ತೆ ಕಿವಿಯಿಟ್ಟಳು.

"ಪೆದ್ದ ಅಂತಾರಲ್ಲ ಇವನ್ನ!" ಎಂದಳು. ಆಮೇಲೆ ಅಜ್ಜಿಯ ಮನಸ್ಸು ಕೇಳಬೇಕಲ್ಲ, ಹೋಗುವಾಗ ಒಂದು ಮಾತು ಸೇರಿಸಿದಳು. "ಆದರೂ ಮುದ್ದಾ, ಕೂಸು ಎದ್ದಿರುವಾಗ ಓಡಿಸಪ್ಪ, ಅಷ್ಟು ಮಾಡು."

"ಆಯ್ತತ್ತೆ."

ತಿಮ್ಮಾಜಮ್ಮ ಒಳಗೆ ಸೊಪ್ಪು ಸೋಸುತ್ತಿದ್ದಳು. ಈ ಮಾತು ಅವಳ ಕಿವಿಗೆ ಬೀಳಲಿಲ್ಲ.

ಮಾರನೆಯ ಬೆಳಿಗ್ಗೆ ಎಂಟು ಗಂಟೆಗೆ ಮುದ್ದ ಪಕ್ಕದ ಮನೆಗೆ ಹೋದ.

"ಕೂಸು ಎದ್ದಿದೆಯಾ ಅತ್ತೆ?"

"ಇಲ್ಲಪ್ಪ, ಈಗತಾನೆ ನಿದ್ದೆ ಹತ್ತಿದೆ."

ಮುದ್ದ ನೆಟ್ಟಗೆ ಒಳಗೆ ಹೋದ. ತೊಟ್ಟಿಲ ಮೇಲೆ ಬಗ್ಗಿದ. "ಏಳು ಮಗ! ಕೆಲಸಕ್ಕೆ ಹೊತ್ತಾಯ್ತು!" ಎಂದು ಕೂಗಿ, ತೊಟ್ಟಿಲನ್ನು ಎರಡು ಸಲ ಜಗ್ಗಿದ. ಕೂಸು ಎದ್ದಿತು. ಕೂಸಿನ ಜೊತೆ ಕೋಮಲ ಎದ್ದಳು, ಈರಮ್ಮ ಸೌಟು ಹಿಡಿದು ಬಂದಳು.

"ಎದ್ದಿದೆ ಅತ್ತೆ. ಇನ್ನು ಓಡಿಸ್ತೀನಿ."

"ಮಲಗಿದ್ದೋರನ್ನ ಎಬ್ಬಿಸ್ತಾರೇನೋ ಮುಂಡೇದೇ! ಮಲಗಿದ್ದೋರನ್ನ ಕಂಡರೆ ಕಾಲ್ತುದೀಲಿ ಬರಬೇಕು, ತಲೆ ಕೆಳಗೆ ಮೆತ್ತಗೆ ಏನಾದರೂ ಕೊಟ್ಟು ಸದ್ದಿಲ್ಲದೆ ಹೋಗಬೇಕು!"

"ಆಯ್ತತ್ತೆ. ಮುಂದಿನ ಸಲ ಹಂಗೇ ಮಾಡ್ತೀನಿ."

ಈರಮ್ಮ ಬೈದುಕೊಂಡೇ ಇದ್ದಳು, ಕೋಮಲ ಮಾತ್ರ ಸೆರಗು ಬಾಯಿಗೆ ಇಟ್ಟುಕೊಂಡು ನಗುತ್ತಿದ್ದಳು. "ಓಡಿಸಲಿ ಬಿಡವ್ವ. ಆ ಗುಂಯ್ ಅನ್ನೋದು ಕೇಳ್ತಿದ್ದರೇನೇ ಇದಕ್ಕೆ ನಿದ್ದೆ" ಎಂದಳು.

ದಿನಗಳು ಹೋದವು. ಫ್ಯಾನು ತಿರುಗಿತು, ಚೀಲ ತುಂಬಿತು, ಮುದ್ದ ಅದನ್ನು ಬಿಚ್ಚಿ ಮುಚ್ಚಳವಿರುವ ಡಬ್ಬಕ್ಕೆ ಮೆಲ್ಲಗೆ ಇಳಿಸಿದ. ಮತ್ತೆ ತುಂಬಿತು, ಮತ್ತೆ ಇಳಿಸಿದ. ಕಡಗೋಲು ತಿಕ್ಕುವ ಕೆಲಸವೂ ಕೊಳವೆಯ ಬಾಯಿಯ ಹತ್ತಿರವೇ ನಡೆಯಿತು. ತಿಮ್ಮಾಜಮ್ಮ ಅದನ್ನು ಮುದ್ದನಿಗೇ ಬಿಟ್ಟಳು. ಡಾಕ್ಟರಮ್ಮ ಬೆನ್ನಿಗೆ ಕೊಳವೆ ಇಟ್ಟು ಕೇಳಿ, "ಹಳೇದು ಹೋಗಲ್ಲ. ಹೊಸದು ಸೇರಿಲ್ಲ" ಎಂದರು.

ಒಂದು ಮಧ್ಯಾಹ್ನ ಊಟ ಮುಗಿಸಿ ತಿಮ್ಮಾಜಮ್ಮ ಚಾಪೆಯ ಮೇಲೆ ಅಡ್ಡಾದಳು. ತೋಳನ್ನೇ ತಲೆಯ ಕೆಳಗೆ ಇಟ್ಟುಕೊಂಡು ಹಾಗೇ ನಿದ್ದೆಹೋದಳು. ಕೈ ತೊಳೆದು ಬಂದ ಮುದ್ದ ನೋಡಿದ. ಅವ್ವ ಮಲಗಿದ್ದಾಳೆ! ತಕ್ಷಣ ಕಾಲ್ತುದಿಯಲ್ಲಿ ನಿಂತ. ತಲೆಯ ಕೆಳಗೆ ಮೆತ್ತಗೆ ಏನಾದರೂ ಕೊಡಬೇಕು. ಮನೆಯಲ್ಲಿ ಎಲ್ಲಕ್ಕಿಂತ ಮೆತ್ತಗಿರುವುದು ಯಾವುದು? ಹತ್ತಿಯನ್ನು ಅವನು ಮುಟ್ಟಿ ನೋಡಿದ್ದ, ಅದರಲ್ಲಿ ಬೀಜದ ಚೂರು ಸಿಗುತ್ತದೆ. ತೆಂಗಿನ ನಾರು ಚುಚ್ಚುತ್ತದೆ. ಅವನ ಕೈಗೆ ಗೊತ್ತಿದ್ದ ಅತಿ ಮೆತ್ತನೆಯ ವಸ್ತು ಒಂದೇ. ಕಾಲ್ತುದಿಯಲ್ಲಿ ಹಿತ್ತಲಿಗೆ ಹೋದ. ಉಳಿದಿದ್ದ ಪಟ್ಟೆ ಬಟ್ಟೆ ಹಾಸಿದ. ಅಂಚನ್ನು ಒಂದು ಸಲ ಮಡಿಸಿದ, ಇನ್ನೊಂದು ಸಲ ಮಡಿಸಿದ, ಸಣ್ಣ ಸಣ್ಣ ಹೊಲಿಗೆ ಹಾಕಿದ. ಡಬ್ಬದ ಮುಚ್ಚಳ ತೆಗೆದು, ತುಂಬಿ, ಬಾಯಿಯನ್ನೂ ಹಾಗೇ ಹೊಲಿದ. ಬಂದು ಅವ್ವನ ತಲೆಯನ್ನು ಒಂದು ಕೈಯಲ್ಲಿ ಎತ್ತಿ, ಕೆಳಗೆ ಇಟ್ಟು, ಸದ್ದಿಲ್ಲದೆ ಹೋದ.

ತಿಮ್ಮಾಜಮ್ಮ ನಾಲ್ಕು ಗಂಟೆಯವರೆಗೆ ಮಲಗಿದಳು. ಎದ್ದಾಗ ಕೆನ್ನೆಯ ಮೇಲೆ ಪಟ್ಟೆಯ ಅಚ್ಚು ಬಿದ್ದಿತ್ತು.

"ಇದೇನ್ಲಾ ಮುದ್ದಾ?"

"ದಿಂಬು ಅವ್ವ."

"ಎಲ್ಲಿತ್ತೋ ಇಷ್ಟು ಹತ್ತಿ?"

"ಹತ್ತಿ ಅಲ್ಲವ್ವ. ನಮ್ಮ ಧೂಳು."

ತಿಮ್ಮಾಜಮ್ಮ ದಡಕ್ಕನೆ ಎದ್ದು ಕೂತಳು. ಒಂದು ಕೈ ಎದೆಗೆ ಹೋಯಿತು, ಇನ್ನೊಂದು ಸೆರಗನ್ನು ಬಾಯಿಗೆ ತಂದಿತು. ಹಾಗೇ ಕಾದಳು. ಕೆಮ್ಮು ಬರಲಿಲ್ಲ. ದಿಂಬನ್ನು ಒಂದು ಸಲ ತಟ್ಟಿದಳು. ಏನೂ ಏಳಲಿಲ್ಲ. ಬಾಗಿಲ ಬಿಸಿಲಿಗೆ ಎಳೆದು ತಂದು, ಮುಷ್ಟಿ ಬಿಗಿದು, ಬಲವಾಗಿ ಗುದ್ದಿದಳು. ಬಿಸಿಲಿನಲ್ಲಿ ಒಂದು ಕಣವೂ ಆಡಲಿಲ್ಲ.

ಮುದ್ದ ತಲೆ ತಗ್ಗಿಸಿಕೊಂಡು ಎದುರಿಗೆ ನಿಂತಿದ್ದ. ಬೈಗುಳಕ್ಕೆ ಕಾಯುತ್ತಿದ್ದ. ಬೈಗುಳದ ಹಿಂದೆ ಬರುವ ಮಾತಿಗೆ ಕಾಯುತ್ತಿದ್ದ.

"ಮುಂದಿನ ಸಲ ಹೆಂಗೆ ಮಾಡ್ಲವ್ವ?" ಎಂದ.

ತಿಮ್ಮಾಜಮ್ಮ ದಿಂಬನ್ನು ಮಡಿಲಿಗೆ ಎಳೆದುಕೊಂಡಳು. ಹೊಲಿಗೆಯ ಮೇಲೆ ಬೆರಳಾಡಿಸುತ್ತ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಹೋದಳು.

ಆ ದಿನ ಪಕ್ಕದ ಮನೆಗೆ ಆಶಾ ಕಾರ್ಯಕರ್ತೆ ಕೂಸನ್ನು ತೂಗಲು ಬಂದಿದ್ದಳು. ಜಗಲಿಯ ತೊಲೆಗೆ ತಕ್ಕಡಿ ತೂಗುಹಾಕಿದ್ದಳು. ಮಾತು ಕೇಳಿಸಿಕೊಂಡು ಬಂದ ಈರಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಳು.

"ಧೂಳಿನ ದಿಂಬಾ! ತನ್ನಿ ಅಕ್ಕ ಇಲ್ಲಿ, ಅದನ್ನೂ ಒಂದು ಸಲ ತೂಗೇಬಿಡೋಣ!"

ಮುದ್ದ ದಿಂಬನ್ನು ಎರಡು ಕೈಯಲ್ಲಿ ಎತ್ತಿಕೊಂಡು ಹೋಗಿ ತೂಗುವ ಬಟ್ಟೆಯಲ್ಲಿ ಮಲಗಿಸಿದ. ಮುಳ್ಳು ನಿಲ್ಲುವವರೆಗೆ ಎಲ್ಲರೂ ಕಾದರು.

ಅವ್ವನ ಎದೆಗೆ ಇಳಿಯದೆ ಉಳಿದ ಧೂಳು ನಾಲ್ಕು ಕಿಲೋ ಇನ್ನೂರು ಗ್ರಾಂ ಇತ್ತು.